ಕಥೆಗೂ ಲೇಖನಕ್ಕೂ ಶೀರ್ಷಿಕೆ: ಬರೆದಿಟ್ಟ ನಾಲ್ಕಾರು ಹೆಸರುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

ಬರಹ ಮುಗಿಸಿ ಹೆಸರಿಡಲು ಕುಳಿತವರ ಮುಂದೆ ಸಾಮಾನ್ಯವಾಗಿ ಒಂದೇ ಶೀರ್ಷಿಕೆ ಇರುವುದಿಲ್ಲ. ಹಸ್ತಪ್ರತಿಯ ಅಂಚಿನಲ್ಲಿ ಮೂರೋ ನಾಲ್ಕೋ ಹೆಸರುಗಳು ಇರುತ್ತವೆ, ಪ್ರತಿಯೊಂದೂ ಒಂದು ಮಟ್ಟಿಗೆ ಒಪ್ಪುತ್ತದೆ, ಯಾವುದೂ ಪೂರ್ತಿಯಾಗಿ ಒಪ್ಪುವುದಿಲ್ಲ. ಆಗ ಬಹಳ ಮಂದಿ ಕಿವಿಗೆ ಇಂಪಾಗಿರುವುದನ್ನು ಆರಿಸಿ ಕಳುಹಿಸಿಬಿಡುತ್ತಾರೆ. ಇಂಪು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಎರಡು ಹೆಸರುಗಳ ನಡುವೆ ತೂಗಿ ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಬರಹದ ಶೀರ್ಷಿಕೆಯನ್ನು ಓದುಗರು ಎಷ್ಟು ಸಲ ಓದುತ್ತಾರೆ?

ಕಥೆಯ ಶೀರ್ಷಿಕೆಯನ್ನು ಎರಡು ಸಲ ಓದುತ್ತಾರೆ. ಪುಟ ತೆರೆದಾಗ ಒಮ್ಮೆ, ಕೊನೆಯ ಸಾಲು ಮುಗಿಸಿ ಕಣ್ಣು ತಾನಾಗಿ ಮೇಲಕ್ಕೆ ಹೋದಾಗ ಇನ್ನೊಮ್ಮೆ. ಆ ಎರಡನೆಯ ಓದಿನಲ್ಲಿ ಹೆಸರಿಗೆ ಮೊದಲಿಗಿಂತ ಹೆಚ್ಚಿನ ಅರ್ಥ ಬಂದಿದ್ದರೆ ಅದು ಒಳ್ಳೆಯ ಶೀರ್ಷಿಕೆ. ಲೇಖನದ ಶೀರ್ಷಿಕೆಯನ್ನು ಹೆಚ್ಚಿನವರು ಒಂದೇ ಸಲ ಓದುತ್ತಾರೆ, ಅದೂ ಈ ಲೇಖನವನ್ನು ಓದಬೇಕೇ ಬಿಡಬೇಕೇ ಎಂದು ತೀರ್ಮಾನಿಸುವ ಹೊತ್ತಿನಲ್ಲಿ. ಹೀಗಾಗಿ ಅದು ತನ್ನ ಕೆಲಸವನ್ನು ಆಗಲೇ ಮುಗಿಸಬೇಕು. ಈ ಎರಡು ಅಳತೆಗಳು ಬೆರೆತುಹೋದಾಗಲೇ ಕಥೆಗಳಿಗೆ ಸುದ್ದಿಯ ತಲೆಬರಹದಂತಹ ಹೆಸರುಗಳೂ ಕೃಷಿ ಲೇಖನಗಳಿಗೆ ಕವನದಂತಹ ಹೆಸರುಗಳೂ ಬರುತ್ತವೆ. ಕಥೆಯ ವಿಚಾರದಲ್ಲಿ ಆಯ್ಕೆಗಳು ಹೆಚ್ಚು, ತಪ್ಪುವ ದಾರಿಗಳೂ ಹೆಚ್ಚು. ಅದನ್ನೇ ಮೊದಲು ನೋಡೋಣ.

ಹೆಸರುಳ್ಳ ಶೀರ್ಷಿಕೆಗಳು

ಕನ್ನಡದಲ್ಲಿ ಬಹಳ ಹಿಂದಿನಿಂದ ನಿಂತುಬಂದಿರುವ ಒಂದು ಮಾದರಿ ಇದೆ: ಒಬ್ಬ ವ್ಯಕ್ತಿಯ ಹೆಸರು, ಅದಕ್ಕೆ ಷಷ್ಠೀ ವಿಭಕ್ತಿ, ಆಮೇಲೆ ಒಂದು ನಾಮಪದ. ‘ರಂಗನ ಮದುವೆ’, ‘ಚೋಮನ ದುಡಿ’, ‘ಮೂಕಜ್ಜಿಯ ಕನಸುಗಳು’, ‘ತಬರನ ಕಥೆ’, ‘ಭುಜಂಗಯ್ಯನ ದಶಾವತಾರಗಳು’ ಎಲ್ಲವೂ ಈ ಮಾದರಿಯವು. ಹೊಸದಾಗಿ ಬರೆಯುವವರು ಇದನ್ನು ಹಳತೆಂದು ಬದಿಗಿಡುವುದುಂಟು. ನನ್ನ ಅಭಿಪ್ರಾಯದಲ್ಲಿ ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಕೆಲಸ ಮಾಡುವ ಮಾದರಿ ಕನ್ನಡದಲ್ಲಿ ಇನ್ನೊಂದಿಲ್ಲ. ಆದರೆ ಅದರ ಭಾರವೆಲ್ಲ ಎರಡನೆಯ ಪದದ ಮೇಲೆ ಬೀಳುತ್ತದೆ. ಶಿವರಾಮ ಕಾರಂತರ ಚೋಮನಿಗೆ ಬೇಕಾಗಿರುವುದು ತುಂಡು ಭೂಮಿ, ಅವನ ಕೈಯಲ್ಲಿ ಉಳಿಯುವುದು ದುಡಿ. ಶೀರ್ಷಿಕೆಯಲ್ಲಿ ‘ಚೋಮನ ಬದುಕು’ ಎಂದೋ ‘ಚೋಮನ ಗೋಳು’ ಎಂದೋ ಇದ್ದಿದ್ದರೆ ಓದುಗರು ಕಾದಂಬರಿಗೆ ಕಾಲಿಡುವ ಮೊದಲೇ ಏನನ್ನು ಅನುಭವಿಸಬೇಕೆಂದು ಅಪ್ಪಣೆ ಪಡೆದಂತಾಗುತ್ತಿತ್ತು. ‘ದುಡಿ’ ಎಂಬುದು ಬರಿಯ ವಾದ್ಯದ ಹೆಸರು. ಅದರಲ್ಲಿ ಸಂತೋಷವಿದೆಯೋ ಸಿಟ್ಟಿದೆಯೋ ಎಂಬುದು ಓದುತ್ತ ಓದುತ್ತ ಮಾತ್ರ ತಿಳಿಯುತ್ತದೆ.

ಹೀಗಾಗಿ ಇಂಥವನ ವ್ಯಥೆ, ಇಂಥವಳ ನೋವು, ಇಂಥವರ ಕನಸು ಎಂಬ ಹೆಸರುಗಳ ನಡುವೆ ಆಯ್ಕೆ ಮಾಡಬೇಕಾಗಿ ಬಂದರೆ ಮೂರನ್ನೂ ಬಿಟ್ಟು, ಆ ವ್ಯಕ್ತಿ ಕೈಯಲ್ಲಿ ಹಿಡಿದಿರುವ, ದಿನವೂ ಮುಟ್ಟುವ, ಇಲ್ಲವೇ ಕಳೆದುಕೊಂಡ ವಸ್ತುವೊಂದನ್ನು ಕಥೆಯೊಳಗೆ ಹುಡುಕುವುದು ಮೇಲು. ‘ತಬರನ ಕಥೆ’ ಈ ಮಾತಿಗೆ ಅಪವಾದದಂತೆ ಕಾಣುತ್ತದೆ, ಏಕೆಂದರೆ ‘ಕಥೆ’ ಎಂಬ ಪದದಷ್ಟು ಸಪ್ಪೆ ಪದ ಬೇರೆ ಸಿಗದು. ಆದರೆ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕನೊಬ್ಬನಿಗೆ ಹೇಳಿಕೊಳ್ಳಲು ಇರುವುದೇ ತನ್ನ ಕಥೆ, ಅದನ್ನು ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಆ ಸಪ್ಪೆತನವೇ ಅಲ್ಲಿ ಹೊಂದುತ್ತದೆ.

ಬರಿಯ ವ್ಯಕ್ತಿನಾಮವನ್ನಷ್ಟೇ ಇಡುವುದು ಇನ್ನೊಂದು ದಾರಿ. ಮಾಸ್ತಿಯವರ ‘ಸುಬ್ಬಣ್ಣ’, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, ವೈದೇಹಿಯವರ ‘ಅಕ್ಕು’ ಹೀಗೆ ನಿಂತ ಹೆಸರುಗಳು. ಇಂತಹ ಶೀರ್ಷಿಕೆ ಏನನ್ನೂ ಮೊದಲೇ ಬಿಟ್ಟುಕೊಡುವುದಿಲ್ಲ, ಅದೇ ಅದರ ಬಲ ಮತ್ತು ಅಪಾಯ. ‘ಕರ್ವಾಲೊ’ ಎಂಬ ಹೆಸರಿನಲ್ಲಿಯೇ ಕನ್ನಡದ ಕಿವಿಗೆ ಒಂದು ಅಪರಿಚಿತತೆ ಇದೆ, ಯಾರಿವರು ಎಂಬ ಕುತೂಹಲ ಹುಟ್ಟುತ್ತದೆ. ‘ರಮೇಶ’ ಎಂಬ ಹೆಸರಿನ ಕಥೆಗೆ ಆ ಅನುಕೂಲವಿಲ್ಲ. ಪಾತ್ರದ ಹೆಸರು ಸಾಧಾರಣವಾಗಿದ್ದು, ಪಾತ್ರ ಕಥೆಯ ಉದ್ದಕ್ಕೂ ಎದುರಿಗಿಲ್ಲದಿದ್ದರೆ ಬರಿಯ ಹೆಸರನ್ನು ಇಡದಿರುವುದೇ ಒಳ್ಳೆಯದು.

ಊರಿನ ಹೆಸರಿನ ಬಗ್ಗೆ ಕುವೆಂಪು ಅವರ ಎರಡು ಕಾದಂಬರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬಹಳ ಕಲಿಯಬಹುದು. 1936ರ ಕಾದಂಬರಿ ಮೊದಲು ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ ಆಗಿತ್ತು, ಈಗ ಎಲ್ಲರಿಗೂ ‘ಕಾನೂರು ಹೆಗ್ಗಡಿತಿ’. ‘ಸುಬ್ಬಮ್ಮ’ ಹೋದೊಡನೆ ಉಳಿದದ್ದು ಒಂದು ಊರು ಮತ್ತು ಒಂದು ಸ್ಥಾನ. ಆ ಸ್ಥಾನಕ್ಕೆ ಬಂದು ಕುಳಿತ ಹೆಣ್ಣು, ಆ ಮನೆತನ, ಆ ಮನೆಯ ಆಳ್ವಿಕೆ ಇವೆಲ್ಲವೂ ಚಿಕ್ಕದಾದ ಹೆಸರಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. 1967ರ ‘ಮಲೆಗಳಲ್ಲಿ ಮದುಮಗಳು’ ಊರನ್ನೂ ಬಿಟ್ಟಿತು, ವ್ಯಕ್ತಿಯನ್ನೂ ಬಿಟ್ಟಿತು. ಯಾವ ಮಲೆ, ಯಾವ ಮದುಮಗಳು ಎಂದು ಅದು ಹೇಳುವುದಿಲ್ಲ. ಒಬ್ಬ ನಾಯಕಿಯ ಸುತ್ತ ಸುತ್ತದ, ಹತ್ತಾರು ಬದುಕುಗಳು ಹೆಣೆದುಕೊಂಡಿರುವ ಕಾದಂಬರಿಗೆ ಅದೇ ಸರಿ. ನಿಮ್ಮ ಬರಹ ಒಬ್ಬರ ಮೇಲೆ ನಿಂತಿದೆಯೇ, ಒಂದು ಜಾಗದ ಮೇಲೆ ನಿಂತಿದೆಯೇ ಎಂಬುದು ನಿಮಗೆ ಖಚಿತವಾಗಿದ್ದರೆ ಈ ಎರಡು ಬಗೆಗಳ ನಡುವಿನ ಆಯ್ಕೆ ತಾನಾಗಿಯೇ ಆಗುತ್ತದೆ. ಜಾಗದ ಜತೆಗೆ ಜನ ಬಂದುಹೋಗುವ ಒಂದು ನೆಲೆಯನ್ನು ಸೇರಿಸುವ ‘ಅಬಚೂರಿನ ಪೋಸ್ಟಾಫೀಸು’ ಇನ್ನೊಂದು ಒಳ್ಳೆಯ ಮಾದರಿ. ಊರಿನವರ ಗುಟ್ಟುಗಳೆಲ್ಲ ಹಾದುಹೋಗುವ ಜಾಗವನ್ನೇ ಹೆಸರಾಗಿಸಿದ ಮೇಲೆ ಕಥೆಗೆ ಬಾಗಿಲು ಅರ್ಧ ತೆರೆದಂತೆಯೇ.

ಒಂದೇ ಪದದ ಆಕರ್ಷಣೆ

‘ಸಂಸ್ಕಾರ’, ‘ದಾಟು’, ‘ಪರ್ವ’, ‘ಅವಸ್ಥೆ’, ‘ಶಿಕಾರಿ’, ‘ಬಿರುಕು’, ‘ಕಾಡು’. ಕನ್ನಡ ಕಾದಂಬರಿಯ ಕಪಾಟಿನಲ್ಲಿ ಒಂದೇ ಪದದ ಹೆಸರುಗಳು ಎಷ್ಟು ಘನವಾಗಿ ನಿಂತಿವೆಯೆಂದರೆ ಹೊಸಬರು ಅದನ್ನೇ ಗಾಂಭೀರ್ಯದ ಗುರುತು ಎಂದು ಭಾವಿಸುವುದು ಸಹಜ. ಕಥಾಸ್ಪರ್ಧೆಗಳಿಗೆ ಬರುವ ‘ಹುಡುಕಾಟ’, ‘ನೆರಳು’, ‘ಮೌನ’, ‘ಅಂತರಂಗ’, ‘ಬದುಕು’ ಈ ಭಾವನೆಯಿಂದಲೇ ಹುಟ್ಟಿದವು. ಎರಡು ಗುಂಪುಗಳ ನಡುವಿನ ವ್ಯತ್ಯಾಸ ಪದಗಳ ಸಂಖ್ಯೆಯಲ್ಲಿ ಇಲ್ಲ ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಮೊದಲ ಪುಟಗಳಲ್ಲಿಯೇ ಒಬ್ಬ ಸತ್ತಿದ್ದಾನೆ, ಅವನ ಶವಕ್ಕೆ ಸಂಸ್ಕಾರ ಆಗಬೇಕು, ಮಾಡುವವರು ಯಾರು ಎಂಬುದು ಅಗ್ರಹಾರದ ತುರ್ತು ಸಮಸ್ಯೆ. ಪದ ಅಲ್ಲಿ ಮೊದಲು ನೆಲದ ಮೇಲಿನ ಒಂದು ಕೆಲಸದ ಹೆಸರು. ಕಥಾನಾಯಕ ಪ್ರಾಣೇಶಾಚಾರ್ಯರ ಒಳಗಿನ ಸಂಸ್ಕಾರದ ಪ್ರಶ್ನೆ ಆಮೇಲೆ ಅದರ ಮೇಲೆ ಬೆಳೆಯುತ್ತದೆ. ಅದೇ ವರ್ಷ, 1965ರಲ್ಲಿ ಬಂದ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ತೆಗೆದುಕೊಂಡರೂ ಹಾಗೆಯೇ. ಮನೆತನದ ಪಾವಿತ್ರ್ಯವನ್ನು ನಂಬಿ ಬದುಕಿದ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಸತ್ಯ ತಿಳಿಯುವ ಹೊತ್ತಿಗೆ ಶೀರ್ಷಿಕೆ ಮೊದಲು ಕಂಡ ಹಾಗೆ ಇರುವುದಿಲ್ಲ. ಎರಡರಲ್ಲಿಯೂ ಪದಕ್ಕೆ ಕಥೆಯೊಳಗೆ ಒಂದು ಗಟ್ಟಿಯಾದ ಆಧಾರ ಇದೆ. ‘ಮೌನ’ ಎಂಬ ಹೆಸರಿಗೆ ಅಂತಹ ಆಧಾರ ಇರುವುದು ಅಪರೂಪ. ಅದನ್ನು ಬೇರೆ ನೂರು ಕಥೆಗಳ ಮೇಲೆ ಅಂಟಿಸಿದರೂ ಅಂಟಿಕೊಳ್ಳುತ್ತದೆ. ಇದನ್ನೇ ಒಂದು ಪರೀಕ್ಷೆಯಾಗಿ ಬಳಸಬಹುದು. ನಿಮ್ಮ ಒಂದೇ ಪದದ ಶೀರ್ಷಿಕೆಯನ್ನು ನೀವು ಹಿಂದೆ ಬರೆದ ಇನ್ನೊಂದು ಕಥೆಗೆ ಇಟ್ಟು ನೋಡಿ. ಅಲ್ಲಿಯೂ ಅದು ಸಲೀಸಾಗಿ ಕುಳಿತರೆ ಎರಡೂ ಕಥೆಗಳಿಗೆ ಅದು ಬೇಡ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಈ ಪರೀಕ್ಷೆಯಲ್ಲಿ ಪೂರ್ಣಾಂಕ ಪಡೆಯುತ್ತದೆ. 2013ರಲ್ಲಿ ಬಂದ ಈ ಕಿರುಕಾದಂಬರಿಯ ಶೀರ್ಷಿಕೆ ಯಾವ ನಿಘಂಟಿನಲ್ಲಿಯೂ ಇಲ್ಲದ, ಒಂದು ಮನೆಯವರು ತಮ್ಮೊಳಗೆ ಬಳಸಿಕೊಳ್ಳುವ ಮಾತು. ಬಿಡಿಸಲಾಗದಂತೆ ಗೋಜಲಾದದ್ದಕ್ಕೆ ಅವರು ಹಾಗೆನ್ನುತ್ತಾರೆ. ಪುಸ್ತಕ ಮುಚ್ಚುವ ಹೊತ್ತಿಗೆ ಆ ಮಾತು ಓದುಗರದ್ದೂ ಆಗಿರುತ್ತದೆ. ಆದರೆ ಇದನ್ನು ನೋಡಿ ಅರ್ಥವಿಲ್ಲದ ಸದ್ದುಗಳನ್ನು ಜೋಡಿಸಲು ಹೊರಡುವುದು ಅಪಾಯ. ಆ ಮಾತು ಕಥೆಯ ಒಳಗಡೆ ಹುಟ್ಟಿ, ಒಳಗಡೆ ಬಳಕೆಯಾಗಿ, ಆಮೇಲೆ ಮೇಲಕ್ಕೆ ಬಂದಿದೆ ಎಂಬುದು ಮುಖ್ಯ.

ವಾಕ್ಯದ ತುಣುಕುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಮರಳಿ ಮಣ್ಣಿಗೆ’, ‘ಅಳಿದ ಮೇಲೆ’ ಇವುಗಳಲ್ಲಿ ಕ್ರಿಯಾಪದ ಬರುವ ಮೊದಲೇ ಮಾತು ನಿಂತಿದೆ, ಓದುಗರ ಮನಸ್ಸು ಅದನ್ನು ತುಂಬಿಕೊಳ್ಳುತ್ತದೆ. ಕನ್ನಡದ ವಾಕ್ಯದಲ್ಲಿ ಕ್ರಿಯೆ ಕೊನೆಗೆ ಬರುವುದರಿಂದ ಇಂತಹ ಅಪೂರ್ಣತೆ ನಮಗೆ ಸುಲಭವಾಗಿ ಒದಗುತ್ತದೆ. ಜನರಿಗೆ ಬಾಯಿಪಾಠವಾಗಿರುವ ಸಾಲನ್ನು ತೆಗೆದುಕೊಳ್ಳುವುದು ಇದರ ಇನ್ನೊಂದು ಬಗೆ. ‘ತಬ್ಬಲಿಯು ನೀನಾದೆ ಮಗನೆ’ ಎಂದೊಡನೆ ಪುಣ್ಯಕೋಟಿಯ ಗೋವಿನ ಹಾಡು ಕೇಳಿದ ಯಾವ ಕನ್ನಡಿಗರಿಗಾದರೂ ಹಸು, ಕರು, ಕೊಟ್ಟ ಮಾತು ಎಲ್ಲವೂ ಒಟ್ಟಿಗೆ ನೆನಪಾಗುತ್ತವೆ, ಮತ್ತು ಗೋವನ್ನು ಕುರಿತ ಎರಡು ದೃಷ್ಟಿಗಳ ಘರ್ಷಣೆಯ ಭೈರಪ್ಪನವರ ಆ ಕಾದಂಬರಿಗೆ ಆ ನೆನಪು ಬೇಕೇ ಬೇಕು. ವಚನದ ಸಾಲನ್ನೋ ದಾಸರ ಪದದ ಪಲ್ಲವಿಯನ್ನೋ ಶೀರ್ಷಿಕೆಗೆ ಎತ್ತಿಕೊಳ್ಳುವವರು ತಮ್ಮ ಕಥೆಗೆ ಆ ಮೂಲದ ಅಗತ್ಯ ಅಷ್ಟೇ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಎರವಲು ಸಾಲಿನ ಎತ್ತರದ ಕೆಳಗೆ ಕಥೆ ಕುಗ್ಗಿ ಕಾಣುತ್ತದೆ.

ಒಂದು ಕಥೆ, ಆರು ಹೆಸರು

ಮಾತು ಇಲ್ಲಿಯವರೆಗೆ ಪ್ರಸಿದ್ಧ ಕೃತಿಗಳ ಬಗ್ಗೆ ಆಯಿತು, ಆದರೆ ಪ್ರಸಿದ್ಧವಾದ ಮೇಲೆ ಎಲ್ಲ ಹೆಸರೂ ಅನಿವಾರ್ಯವೆಂಬಂತೆ ಕಾಣುತ್ತದೆ. ಆದ್ದರಿಂದ ಇನ್ನೂ ಹೆಸರಿಲ್ಲದ ಒಂದು ಕಥೆಯನ್ನು ಕಲ್ಪಿಸಿಕೊಂಡು ನಿಜವಾಗಿಯೂ ಆರಿಸಿ ನೋಡೋಣ.

ಗದಗಿನ ಒಂದು ಓಣಿಯಲ್ಲಿ ಬಟ್ಟೆ ಹೊಲಿಯುವ ಬಸಪ್ಪ ಇದ್ದಾನೆ. ಈರಣ್ಣ ಎಂಬ ಗಿರಾಕಿ ಮಗಳ ಮದುವೆಗೆಂದು ತನಗೊಂದು ಅಂಗಿ ಹೊಲಿಯಲು ಬಟ್ಟೆ ಕೊಟ್ಟು, ಅಳತೆ ಕೊಟ್ಟು, ಅರ್ಧ ಹಣವನ್ನೂ ಕೊಟ್ಟು ಹೋದವನು ಮರಳಿ ಬರಲಿಲ್ಲ. ಮದುವೆ ಮುರಿದುಬಿದ್ದ ಸುದ್ದಿ ಬಸಪ್ಪನ ಕಿವಿಗೂ ಬಿದ್ದಿದೆ. ಅಂಗಿ ವರ್ಷಗಟ್ಟಲೆ ಅಂಗಡಿಯ ಗೋಡೆಯ ಮೊಳೆಗೆ ತೂಗಿಕೊಂಡಿದೆ. ಬಸಪ್ಪ ಅದನ್ನು ಮಾರುವುದಿಲ್ಲ, ಈರಣ್ಣನ ಮನೆಗೆ ಹೇಳಿಯೂ ಕಳುಹಿಸುವುದಿಲ್ಲ. ಕೊನೆಗೊಂದು ದಿನ ಈರಣ್ಣ ಬೇರೆ ಯಾವುದೋ ಕೆಲಸಕ್ಕೆ ಬಂದು ಅಂಗಿಯನ್ನು ನೋಡುತ್ತಾನೆ, ತೊಟ್ಟು ನೋಡುತ್ತಾನೆ. ಅವನ ಮೈ ಇಳಿದುಹೋಗಿದೆ, ಭುಜದ ಹೊಲಿಗೆ ತೋಳಿನ ಮೇಲಕ್ಕೆ ಜಾರಿದೆ. ಬಸಪ್ಪ ಏನೂ ಹೇಳದೆ ಟೇಪು ತೆಗೆದುಕೊಂಡು ಹೊಸದಾಗಿ ಅಳತೆ ತೆಗೆಯತೊಡಗುತ್ತಾನೆ.

ಬರೆದವರ ಅಂಚಿನ ಪಟ್ಟಿಯಲ್ಲಿ ಈ ಹೆಸರುಗಳಿವೆ ಎಂದುಕೊಳ್ಳೋಣ: ‘ಕಾಯುವಿಕೆ’, ‘ಒಂದು ಅಂಗಿಯ ಕಥೆ’, ‘ಮುರಿದ ಮದುವೆ’, ‘ಈರಣ್ಣ ಬರಲಿಲ್ಲ’, ‘ಬಾಕಿ’, ‘ಅಳತೆ ಪುಸ್ತಕ’.

‘ಕಾಯುವಿಕೆ’ ಮೇಲಿನ ಪರೀಕ್ಷೆಯಲ್ಲಿಯೇ ಬಿದ್ದುಹೋಗುತ್ತದೆ. ‘ಮುರಿದ ಮದುವೆ’ ಕಥೆಯ ಒಳಗೆ ಮೆಲ್ಲಗೆ ತಿಳಿಯಬೇಕಾದ ಸಂಗತಿಯನ್ನು ಬಾಗಿಲಲ್ಲಿಯೇ ಕೂಗಿ ಹೇಳುತ್ತದೆ. ಅದಕ್ಕಿಂತ ದೊಡ್ಡ ದೋಷವೆಂದರೆ, ಕಥೆ ಮದುವೆಯನ್ನು ಕುರಿತದ್ದೇ ಆಗಿಲ್ಲ. ‘ಒಂದು ಅಂಗಿಯ ಕಥೆ’ ಯಾರಿಗೂ ತೊಂದರೆ ಕೊಡುವುದಿಲ್ಲ, ಏನನ್ನೂ ಕೊಡುವುದೂ ಇಲ್ಲ; ಅಂಗಿ ಹೇಗೂ ಕಥೆಯ ತುಂಬ ಇರುವಾಗ ಅದನ್ನೇ ಮೇಲೆ ಮತ್ತೆ ಬರೆಯುವುದರಿಂದ ಹೆಚ್ಚೇನೂ ಸಿಗದು.

‘ಈರಣ್ಣ ಬರಲಿಲ್ಲ’ ಎಂಬ ಹೆಸರನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. ಪೂರ್ಣ ವಾಕ್ಯದ ಶೀರ್ಷಿಕೆ ಓದುಗರಿಗೆ ಒಂದು ನಂಬಿಕೆ ಹುಟ್ಟಿಸುತ್ತದೆ, ಆಮೇಲೆ ಈರಣ್ಣ ಬಂದುಬಿಡುತ್ತಾನೆ. ಬಂದವನು ಹಿಂದಿನ ಈರಣ್ಣನಲ್ಲ ಎಂಬ ಅರ್ಥದಲ್ಲಿ ಹೆಸರು ನಿಜವೂ ಆಗುತ್ತದೆ. ಚತುರವಾದ ಹೆಸರು ಇದು. ಆದರೆ ಆ ಚಾತುರ್ಯ ಓದುಗರ ಗಮನವನ್ನು ಬಸಪ್ಪನಿಂದ ಈರಣ್ಣನ ಕಡೆಗೆ ತಿರುಗಿಸುತ್ತದೆ, ಕಥೆಯ ಕಣ್ಣು ಇರುವುದಾದರೋ ಬಸಪ್ಪನ ಅಂಗಡಿಯಲ್ಲಿ.

ಉಳಿದದ್ದು ‘ಬಾಕಿ’ ಮತ್ತು ‘ಅಳತೆ ಪುಸ್ತಕ’, ಎರಡೂ ಅಂಗಡಿಯ ಮಾತುಗಳು. ಉಳಿದ ಅರ್ಧ ಹಣ ಬಾಕಿ, ಅಂಗಿ ಒಯ್ಯುವುದು ಬಾಕಿ, ಆಡಬೇಕಾದ ಮಾತು ಬಾಕಿ. ಎರಡೇ ಅಕ್ಷರದಲ್ಲಿ ಮೂರು ನೆಲೆಗಳು ಸಿಗುತ್ತವೆ. ‘ಅಳತೆ ಪುಸ್ತಕ’ಕ್ಕೆ ಆ ವ್ಯಾಪ್ತಿ ಇಲ್ಲ. ಅದು ಎಣ್ಣೆ ಹತ್ತಿದ ರಟ್ಟಿನ, ಎದೆ, ತೋಳು, ಸೊಂಟ ಎಂದು ಅಂಕಿಗಳನ್ನು ಗೀಚಿಟ್ಟ, ಬಟ್ಟೆಯ ತುಂಡೊಂದನ್ನು ಪಿನ್ನಿನಿಂದ ಸಿಕ್ಕಿಸಿಟ್ಟ ಒಂದು ಪುಸ್ತಕ, ಅಷ್ಟೇ. ಆದರೂ ನಾನು ಆರಿಸುವುದು ಅದನ್ನೇ. ಕಥೆಯ ಕೊನೆಯ ಕ್ಷಣ ಹಣದ ಬಗ್ಗೆ ಇಲ್ಲ. ಪುಸ್ತಕದಲ್ಲಿ ಬರೆದಿಟ್ಟ ಮೈಗೂ ಎದುರಿಗೆ ನಿಂತ ಮೈಗೂ ನಡುವಿನ ಅಂತರದ ಬಗ್ಗೆ ಇದೆ. ಆ ಅಂತರ ತಿಳಿದ ಮೇಲೆ ಪುಸ್ತಕದ ಹೆಸರನ್ನು ಮತ್ತೆ ಓದಿದರೆ ಹಳೆಯ ಅಂಕಿಗಳೆಲ್ಲ ನೋವು ಕೊಡುತ್ತವೆ. ‘ಬಾಕಿ’ಯಲ್ಲಿ ಅರ್ಥಗಳು ಹೆಚ್ಚಿದ್ದರೂ ಅವು ಮೊದಲ ಓದಿನಲ್ಲಿಯೇ ಹೊಳೆದುಬಿಡುತ್ತವೆ, ಎರಡನೆಯ ಓದಿಗೆ ಉಳಿಯುವುದು ಸ್ವಲ್ಪ. ಹಾಗೆಂದು ಕಥೆಗಾರರು ಕೊನೆಯನ್ನು ಬದಲಿಸಿ, ಈರಣ್ಣ ಉಳಿದ ಹಣವನ್ನು ಎಣಿಸಿಡುವುದರಲ್ಲಿ ಮುಗಿಸಿದರೆ ನನ್ನ ಆಯ್ಕೆಯೂ ಬದಲಾಗಿ ‘ಬಾಕಿ’ಯೇ ಸರಿಯಾಗುತ್ತದೆ. ಎರಡು ಒಳ್ಳೆಯ ಶೀರ್ಷಿಕೆಗಳ ನಡುವೆ ತೀರ್ಮಾನ ಆಗದೆ ನಿಂತಿದ್ದರೆ ಅನೇಕ ವೇಳೆ ತೀರ್ಮಾನ ಆಗದಿರುವುದು ಕಥೆಯ ಕೊನೆಯೇ. ಮೊದಲು ಅದನ್ನು ಗಟ್ಟಿಮಾಡಿಕೊಳ್ಳಬೇಕು.

ಲೇಖನಕ್ಕೆ ಬೇರೆಯದೇ ಲೆಕ್ಕ

ಮಲೆನಾಡಿನ ಅಡಿಕೆ ತೋಟಗಳಿಗೆ ಮಳೆಗಾಲದಲ್ಲಿ ಬರುವ ಕೊಳೆರೋಗದ ಬಗ್ಗೆ ಒಂದು ಲೇಖನ ಸಿದ್ಧವಾಗಿದೆ ಎನ್ನಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಶೇ 1ರ ಬೋರ್ಡೋ ದ್ರಾವಣ ಮಾಡುವುದು, ಮುಂಗಾರು ಹಿಡಿಯುವ ಮೊದಲೇ ಒಮ್ಮೆ ಅಡಿಕೆ ಗೊನೆಗಳಿಗೆ ಹೊಡೆಯುವುದು, ನಲವತ್ತು ನಲವತ್ತೈದು ದಿನಗಳ ಬಳಿಕ ಮತ್ತೊಮ್ಮೆ ಹೊಡೆಯುವುದು ಏಕೆ ಎಂಬುದು ಅದರ ವಿಷಯ. ಇದಕ್ಕೆ ಬರಬಹುದಾದ ಹೆಸರುಗಳು ನಮಗೆಲ್ಲ ಪರಿಚಿತ: ‘ಅಡಿಕೆ ಬೆಳೆಗಾರರ ಗೋಳು ಕೇಳುವವರಾರು?’, ‘ಅಡಿಕೆಗೆ ಕೊಳೆರೋಗದ ಕಾಟ’, ‘ಈ ಒಂದು ಕೆಲಸ ಮಾಡಿದರೆ ಸಾಕು, ಅಡಿಕೆ ಉಳಿಯುತ್ತದೆ!’, ‘ಅಡಿಕೆ ಕೊಳೆರೋಗ: ಮೊದಲ ಸಿಂಪಡಣೆ ಮಳೆಗೆ ಮುಂಚೆಯೇ ಏಕೆ?’.

ಮೊದಲನೆಯದು ಬೆಳೆಗಾರರ ಪರವಾಗಿ ಮರುಗುತ್ತದೆ, ಆದರೆ ಬೆಳೆಗಾರರಿಗೆ ತಮ್ಮ ಗೋಳು ಮೊದಲೇ ಗೊತ್ತು. ಎರಡನೆಯದು ಮೂವತ್ತು ವರ್ಷಗಳ ಹಿಂದಿನ ಲೇಖನಕ್ಕೂ ಹೊಂದುತ್ತದೆ, ಮುಂದಿನ ವರ್ಷದ್ದಕ್ಕೂ ಹೊಂದುತ್ತದೆ. ಮೂರನೆಯದು ಸುಳ್ಳು ಹೇಳುತ್ತದೆ. ಒಂದೇ ಕೆಲಸದಿಂದ ಅಡಿಕೆ ಉಳಿಯುವುದಿಲ್ಲವೆಂದು ಲೇಖನವೇ ಹೇಳುತ್ತಿದೆ, ಮತ್ತು ತೋಟಕ್ಕಾಗಿ ಸಾಲ ಮಾಡಿದವರ ಮುಂದೆ ಇಂತಹ ಮಾತನ್ನು ಹಿಡಿಯುವುದು ಅನ್ಯಾಯ. ಈ ವಿಷಯದಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಓದುಗರನ್ನು ಒಳಕ್ಕೆ ಎಳೆದ ಮೇಲೆ ಶೀರ್ಷಿಕೆ ಕೊಟ್ಟ ಮಾತನ್ನು ಬರಹ ನಡೆಸದಿದ್ದರೆ ನಷ್ಟವಾಗುವುದು ಆ ಒಂದು ಬರಹಕ್ಕಷ್ಟೇ ಅಲ್ಲ. ಅದೇ ಲೇಖಕರ ಮುಂದಿನ ಸರಿಯಾದ ಸಲಹೆಯನ್ನೂ ಜನ ನಂಬದೆ ಹೋಗುತ್ತಾರೆ. ನಾಲ್ಕನೆಯದರಲ್ಲಿ ಬೆಳೆ ಇದೆ, ರೋಗ ಇದೆ, ಕಾಲ ಇದೆ, ಬೆಳೆಗಾರರು ನಿಜವಾಗಿಯೂ ಕೇಳುವ ಪ್ರಶ್ನೆ ಇದೆ. ಚೆಂದದ ಹೆಸರು ಎನ್ನಲಾಗದು, ಆದರೆ ಮೇ ತಿಂಗಳಲ್ಲಿ ತೋಟದ ಮನೆಯಲ್ಲಿ ಪತ್ರಿಕೆ ತಿರುವುವವರು ಅಲ್ಲಿಯೇ ನಿಲ್ಲುತ್ತಾರೆ.

ಪ್ರಶ್ನಾರ್ಥಕ ಶೀರ್ಷಿಕೆಯನ್ನು ಆರಿಸುವಾಗ ಒಂದು ವಿವೇಚನೆ ಬೇಕು. ‘ಏಕೆ’, ‘ಹೇಗೆ’, ‘ಯಾವಾಗ’ ಎಂಬ ಪ್ರಶ್ನೆಗಳಿಗೆ ಲೇಖನ ಉತ್ತರ ಕೊಡಬಲ್ಲದು. ‘ಕೇಳುವವರಾರು’, ‘ಹೊಣೆ ಯಾರು’, ‘ಎತ್ತ ಸಾಗುತ್ತಿದ್ದೇವೆ’ ಎಂಬವು ಪ್ರಶ್ನೆಯ ವೇಷ ತೊಟ್ಟ ನಿಟ್ಟುಸಿರುಗಳು. ಲೇಖಕರಿಗೆ ಉತ್ತರ ಗೊತ್ತಿದ್ದರೆ ಉತ್ತರವನ್ನೇ ಶೀರ್ಷಿಕೆಯಾಗಿಸುವುದು ಇನ್ನೂ ಒಳ್ಳೆಯದು.

ಲಲಿತ ಪ್ರಬಂಧ ಮತ್ತು ಜನಪ್ರಿಯ ವಿಜ್ಞಾನ ಈ ಎರಡು ಲೋಕಗಳ ನಡುವೆ ಇವೆ. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ನನಗೆ ಇಲ್ಲಿ ಎಂದೆಂದಿಗೂ ಮೊದಲ ಉದಾಹರಣೆ. ನಾವು ದಿನವೂ ತಿನ್ನುವ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳಂತಹ ಬೆಳೆಗಳು ಕಡಲಾಚೆಯ ಆ ನೆಲದಿಂದ ಬಂದವು ಎಂಬ ಸಂಗತಿಯನ್ನು ಆ ನಾಲ್ಕು ಪದಗಳು ಸುಳ್ಳಿಲ್ಲದೆ, ಉತ್ಪ್ರೇಕ್ಷೆ ಇಲ್ಲದೆ ಹೇಳುತ್ತವೆ, ಅದೇ ಹೊತ್ತಿಗೆ ಕಥೆಯಷ್ಟು ಕುತೂಹಲವನ್ನೂ ಹುಟ್ಟಿಸುತ್ತವೆ. ಇದನ್ನು ‘ಆಹಾರ ಸಸ್ಯಗಳ ಉಗಮ ಮತ್ತು ಪ್ರಸಾರ’ ಎಂಬುದರ ಜತೆಗಿಟ್ಟು ನೋಡಿದರೆ ಪಾಠ ಇನ್ನಷ್ಟು ಸ್ಪಷ್ಟವಾಗುತ್ತದೆ: ವಿಷಯ ಎರಡರಲ್ಲಿಯೂ ಒಂದೇ, ಆದರೆ ‘ನಮ್ಮ ಹೊಟ್ಟೆ’ ಎಂದಾಗ ಓದುಗರೇ ವಿಷಯದ ಒಳಗೆ ಬಂದುಬಿಡುತ್ತಾರೆ.

ಶ್ಲೇಷೆ ಮತ್ತು ಪ್ರಾಸದ ಶೀರ್ಷಿಕೆಗಳು ಕನ್ನಡ ಪತ್ರಿಕೆಗಳ ಕ್ರೀಡಾಪುಟ, ಸಿನಿಮಾಪುಟಗಳಲ್ಲಿ ಚೆನ್ನಾಗಿ ನಡೆಯುತ್ತವೆ. ಸಾವು, ಅಪಘಾತ, ಬರಗಾಲ, ಕಾಯಿಲೆಗಳ ಮೇಲಿನ ಬರಹಕ್ಕೆ ಅವು ಬೇಡ.

ಪರದೆಯ ಮೇಲೆ, ಹುಡುಕುವವರ ಕೈಯಲ್ಲಿ

ಈಗ ಹೆಚ್ಚಿನ ಓದು ಫೋನಿನಲ್ಲಿ ನಡೆಯುವುದರಿಂದ ಉದ್ದದ ಶೀರ್ಷಿಕೆ ನಡುವೆಯೇ ಕತ್ತರಿಸಿಹೋಗುತ್ತದೆ. ಕನ್ನಡದಲ್ಲಿ ಇದರ ಪರಿಣಾಮ ತೀವ್ರ, ಏಕೆಂದರೆ ಆಯಿತೋ ಆಗಲಿಲ್ಲವೋ ಎಂಬುದನ್ನು ಹೇಳುವ ಕ್ರಿಯಾಪದ ಕೊನೆಯಲ್ಲಿ ಕುಳಿತಿರುತ್ತದೆ. ಹಾಗಾಗಿ ಎರಡು ರೂಪಗಳಲ್ಲಿ ಒಂದನ್ನು ಆರಿಸಬೇಕಾದರೆ ವಿಷಯದ ಹೆಸರು ಮೊದಲಿಗೆ ಬರುವ, ಕ್ರಿಯಾಪದವಿಲ್ಲದೆಯೂ ಅರ್ಥ ಉಳಿಯುವ ರೂಪವನ್ನು ಆರಿಸಿಕೊಳ್ಳುವುದು ಕ್ಷೇಮ. ಹಾಗೆ ಮಾಡುವ ಭರದಲ್ಲಿ ವಿಭಕ್ತಿಗಳನ್ನೆಲ್ಲ ಕಿತ್ತುಹಾಕಿ ‘ರೈತರ ಸಾಲ ಮನ್ನಾ ಬೇಡಿಕೆ ತಿರಸ್ಕಾರ ವಿರೋಧ ಪ್ರತಿಭಟನೆ’ ಎಂದು ನಾಮಪದಗಳನ್ನು ಪೋಣಿಸಿಟ್ಟರೆ ಯಾರು ಯಾರನ್ನು ವಿರೋಧಿಸಿದರೆಂದು ತಿಳಿಯಲು ಮೂರು ಸಲ ಓದಬೇಕಾಗುತ್ತದೆ. ಒಂದು ‘ಕ್ಕೆ’, ಒಂದು ‘ಇಂದ’ ಸೇರಿಸಿದರೆ ಹೆಚ್ಚುವ ಅಕ್ಷರ ಎರಡು, ತಪ್ಪುವ ಗೊಂದಲ ದೊಡ್ಡದು.

ಕಾಗುಣಿತದ ಭೇದಗಳನ್ನೂ ನೋಡಿಕೊಳ್ಳಬೇಕು. ಕತೆ ಮತ್ತು ಕಥೆ, ಅಮೆರಿಕ ಮತ್ತು ಅಮೇರಿಕ, ಪೊಲೀಸ್ ಮತ್ತು ಪೋಲೀಸ್ ಎಲ್ಲವೂ ಬಳಕೆಯಲ್ಲಿವೆ. ಲೇಖನದ ಶೀರ್ಷಿಕೆಯಲ್ಲಿ ಹೆಚ್ಚು ಜನ ಬರೆಯುವ ರೂಪವನ್ನೇ ಇಟ್ಟುಕೊಂಡರೆ ಹುಡುಕುವವರಿಗೆ ಸಿಗುತ್ತದೆ. ಕಥೆಯಲ್ಲಿ ಮಾತ್ರ ಪಾತ್ರದ ಬಾಯಿಯ ರೂಪವೇ ಇರಲಿ, ಹುಡುಕಾಟದ ಅನುಕೂಲಕ್ಕಾಗಿ ಧಾರವಾಡದ ಅಥವಾ ಕುಂದಾಪುರದ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬೇಕಾಗಿಲ್ಲ.

ಬಾಯಿಯಲ್ಲಿ ಹೇಳಲು ಬರುವ ಹೆಸರೇ ಬದುಕುತ್ತದೆ ಎಂಬುದಕ್ಕೆ ನಮ್ಮ ಹಳೆಯ ಕಾವ್ಯಗಳೇ ಸಾಕ್ಷಿ. ಪಂಪನು ‘ವಿಕ್ರಮಾರ್ಜುನ ವಿಜಯ’ ಎಂದಿಟ್ಟದ್ದನ್ನು ಜನ ‘ಪಂಪಭಾರತ’ ಎಂದರು, ರನ್ನನ ‘ಸಾಹಸಭೀಮ ವಿಜಯ’ ‘ಗದಾಯುದ್ಧ’ವಾಯಿತು, ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ ಗಮಕಿಗಳ ಮತ್ತು ಕೇಳುಗರ ನಡುವೆ ‘ಗದುಗಿನ ಭಾರತ’ವಾಗಿ ನಿಂತಿತು. ನಿಮ್ಮ ಪಟ್ಟಿಯ ಎರಡು ಹೆಸರುಗಳನ್ನು ಫೋನಿನಲ್ಲಿ ಯಾರಿಗಾದರೂ ಹೇಳಿ ನೋಡಿ. ‘ಏನಂದ್ರಿ?’ ಎಂದು ಮರುಪ್ರಶ್ನೆ ಬಂದ ಹೆಸರನ್ನು ಬಿಡಬಹುದು.

ಮೊದಲೇ ಇರುವ ಹೆಸರು, ಸಂಕಲನ, ಸಂಪಾದಕರು

ಆರಿಸಿದ ಹೆಸರಿನಲ್ಲಿ ಬೇರೊಂದು ಕೃತಿ ಇದೆಯೆಂದು ತಿಳಿದಾಗ ಅನೇಕರು ಕಾನೂನಿನ ಭಯಕ್ಕೆ ಬೀಳುತ್ತಾರೆ. ‘ದೇಸಿ ಬಾಯ್ಸ್’ ಎಂಬ ಹಿಂದಿ ಚಿತ್ರದ ಹೆಸರಿನ ವಿವಾದದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ನೀಡಿದ ತೀರ್ಪಿನ ಪ್ರಕಾರ, 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಬರಿಯ ಶೀರ್ಷಿಕೆಗೆ ಕೃತಿಸ್ವಾಮ್ಯ ಸಿಗುವುದಿಲ್ಲ. ಆದರೆ ಕಾನೂನು ಅಡ್ಡ ಬರುವುದಿಲ್ಲ ಎಂದ ಮಾತ್ರಕ್ಕೆ ಹೆಸರನ್ನು ಇಟ್ಟುಕೊಳ್ಳಬೇಕೆಂದಿಲ್ಲ. ಸಣ್ಣ ಕಥೆಗೆ ‘ಅಕ್ಕ’ ಎಂಬಂತಹ ದಿನಬಳಕೆಯ ಹೆಸರು ಮತ್ತೆ ಬಂದರೆ ಯಾರಿಗೂ ತೊಡಕಿಲ್ಲ. ‘ಪರ್ವ’ ಎಂದು ಕಾದಂಬರಿಗೆ ಹೆಸರಿಟ್ಟರೆ ಓದುಗರು ಮೊದಲ ಪುಟದಿಂದಲೇ ಹೋಲಿಸತೊಡಗುತ್ತಾರೆ.

ಸಂಕಲನಕ್ಕೆ ಒಳಗಿನ ಒಂದು ಕಥೆಯ ಹೆಸರನ್ನು ಇಡುವುದೋ ಹೊಸ ಹೆಸರನ್ನು ಕಟ್ಟುವುದೋ ಎಂಬ ಆಯ್ಕೆಯಲ್ಲಿ ನನ್ನ ಒಲವು ಮೊದಲನೆಯದರ ಕಡೆಗಿದೆ. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದದ್ದು ‘ಎದೆಯ ಹಣತೆ’ ಎಂಬ ಒಂದು ಕಥೆಯ ಹೆಸರನ್ನು ಹೊತ್ತುಕೊಂಡೇ. ಆ ಹೆಸರು ಉಳಿದ ಹನ್ನೊಂದು ಕಥೆಗಳ ಮೇಲೂ ಬೆಳಕು ಬೀರುತ್ತದೆ. ಅವರದೇ ‘ಕರಿ ನಾಗರಗಳು’ ಕಥೆಯನ್ನು ಗಿರೀಶ ಕಾಸರವಳ್ಳಿಯವರು 2004ರಲ್ಲಿ ಚಿತ್ರವಾಗಿಸಿದಾಗ ಅದು ‘ಹಸೀನಾ’ ಆಯಿತು, ಅಂದರೆ ರೂಪಕ ಹೋಗಿ ಹೆಣ್ಣಿನ ಹೆಸರು ಬಂತು. ತೆರೆಯ ಮೇಲೆ ಎರಡು ಗಂಟೆ ಒಂದು ಮುಖವನ್ನು ನೋಡಬೇಕಾದವರಿಗೆ ಹೆಸರೇ ಹತ್ತಿರವಾಗುತ್ತದೆ, ಕಾಗದದ ಮೇಲೆ ಓದುವವರಿಗೆ ರೂಪಕ ಕೆಲಸ ಮಾಡುತ್ತದೆ. ಮಾಧ್ಯಮ ಬದಲಾದಾಗ ಶೀರ್ಷಿಕೆಯೂ ಬದಲಾಗುವುದರಲ್ಲಿ ಮೂಲಕ್ಕೆ ದ್ರೋಹವೇನೂ ಇಲ್ಲ.

ಪತ್ರಿಕೆಗಳಿಗೆ ಕಳುಹಿಸುವವರು ಸಂಪಾದಕರು ಶೀರ್ಷಿಕೆ ಬದಲಿಸಬಹುದೆಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲೇಖನಗಳಲ್ಲಿ ಇದು ಸಾಮಾನ್ಯ, ಪುಟದ ವಿನ್ಯಾಸ ಮತ್ತು ಕಾಲಂ ಅಳತೆ ಅವರ ಕೈಯಲ್ಲಿರುತ್ತವೆ; ಅಲ್ಲಿ ವಿಷಯ ತಪ್ಪಿಹೋಗದಿದ್ದರೆ ಒಪ್ಪಿಕೊಳ್ಳುವುದೇ ಸರಿ. ಕಥೆಯ ಶೀರ್ಷಿಕೆ ಕಥೆಯ ಭಾಗ, ಅದನ್ನು ಹಾಗೆ ಬಿಟ್ಟುಕೊಡಬಾರದು. ಹಸ್ತಪ್ರತಿಯ ಜತೆಗಿನ ಪತ್ರದಲ್ಲಿ ನೀವು ಆರಿಸಿದ ಹೆಸರನ್ನೂ, ಬೇಕೇ ಬೇಕಾದರೆ ನಿಮಗೆ ಒಪ್ಪಿಗೆಯಿರುವ ಇನ್ನೊಂದನ್ನೂ ಬರೆದು, ಬೇರೆ ಹೆಸರು ಇಡುವುದಾದರೆ ಅಚ್ಚಿಗೆ ಹೋಗುವ ಮೊದಲು ಒಂದು ಮಾತು ತಿಳಿಸಬೇಕೆಂದು ಕೋರಿಕೊಳ್ಳಿ.